ಒಂದು ಚಪ್ಪಾಳೆ, ಮತ್ತೆ ಮೊದಲಿನಿಂದ

ಅಪ್ಪ ತಾನು ಸತ್ತ ಸುದ್ದಿಯನ್ನು ಬೆಳಗಿನ ತಿಂಡಿಗೆ ಕೂತಾಗ ಓದಿದ. ಓದಿ ಮುಗಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಚೆನ್ನಾಗೇ ಬರೆದಿದಾನೆ ಕಣೇ. ಆದ್ರೆ ಯಾವತ್ತು ಹೋದೆ ಅಂತ ಹಾಕಿಲ್ಲ. ಅಷ್ಟಾದ್ರೂ ವಿಚಾರಿಸ್ಬೇಕಿತ್ತು," ಅಂದ.

ನಾನು ಪೇಪರು ಕಿತ್ತುಕೊಂಡೆ. ಪುಟದ ನಟ್ಟನಡುವೆ ನನ್ನ ಫೋಟೋ. ತಂಗಿ ಎಲ್ಲಿಂದಲೋ ಹುಡುಕಿ ಕಳಿಸಿದ್ದು. ಅದರಲ್ಲಿ ನಾನು ಹಲ್ಲುನೋವು ಬಂದವಳ ಹಾಗೆ ಕಾಣುತ್ತೇನೆ. ಆ ಮುಖವೇ ಈಗ ದುಃಖದ ಮುಖವಾಗಿ ಉಪಯೋಗಕ್ಕೆ ಬಂದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಅಪ್ಪನ ಕೊನೆಯ ಸಿಳ್ಳೆ’ ಎಂಬ ತಲೆಬರಹ. ‘ಈಗ ನಮ್ಮೊಂದಿಗಿಲ್ಲದ ತಂದೆಯ ಉಸಿರನ್ನು ಮಗಳು ಹಾಡಿನ ತುದಿಯಲ್ಲಿ ಕಾಪಿಟ್ಟಿದ್ದಾಳೆ’ ಎಂದು ಬರೆದಿದ್ದ ಪುಣ್ಯಾತ್ಮ. ‘ತಂದೆಯ ಮಾತೆತ್ತಿದೊಡನೆ ಆಕೆಯ ಗಂಟಲು ಕಟ್ಟಿತು. ಮುಂದೆ ಕೇಳುವ ಧೈರ್ಯ ನಮಗಾಗಲಿಲ್ಲ.’

ಗಂಟಲು ಗಿಂಟಲು ಏನೂ ಕಟ್ಟಿರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅಷ್ಟೇ.

ನಾನು ಹಾಡು ಕಟ್ಟುವವಳು. ಬೆನ್ನಿಗೆ ಯಾವ ಕಂಪನಿಯೂ ಇಲ್ಲ. ಗಿಟಾರ್ ನನ್ನದು, ಗಂಟಲು ನನ್ನದು, ಧ್ವನಿಮುದ್ರಣ ನಡೆಯುವುದು ಮಲಗುವ ಕೋಣೆಯಲ್ಲಿ, ಕಿಟಕಿಗೂ ಬಾಗಿಲಿಗೂ ಕಂಬಳಿ ಕಟ್ಟಿ. ಹಾಡು ಮುಗಿದ ಮೇಲೆ ಇಂಟರ್ನೆಟ್ಟಿಗೆ ಹಾಕಿ ಕೈತೊಳೆದುಕೊಳ್ಳುತ್ತೇನೆ. ಹಾಗೆ ಕೈತೊಳೆದುಕೊಳ್ಳಬಾರದಂತೆ. ಈಗ ಹಾಡಿಗಿಂತ ಹಾಡಿನ ಹಿಂದಿನ ಕತೆ ಮುಖ್ಯವಂತೆ. ಬರೆಯುವಾಗ ಏನನ್ನಿಸಿತು, ಅಳು ಬಂತಾ, ಬಂದಿದ್ದರೆ ಅದರ ವಿಡಿಯೋ ಇದೆಯಾ. ಹೇಳಬೇಕಾದ್ದನ್ನೆಲ್ಲ ಹಾಡಿನೊಳಗೆ ಹೇಳಿಯಾದ ಮೇಲೆ ಮತ್ತೆ ಬೀದಿಬಾಗಿಲಲ್ಲಿ ನಿಂತು ಅದನ್ನೇ ಬಿಡಿಸಿ ಹೇಳು ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತಂಗಿ ನನಗೆ ತದ್ವಿರುದ್ಧ. ಪಕ್ಕದ ಬೀದಿಯಲ್ಲೇ ಅವಳ ಸಂಸಾರ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಒಂದು ಜೊತೆ ಕೊಳ್ಳಲು ಬಂದವರಿಗೆ ಎರಡು ಜೊತೆ ಹಾಕಿಸಿ ಕಳಿಸುವ ನಾಲಿಗೆ. ಚಿಕ್ಕವಳಿದ್ದಾಗ ಮನೆಯ ಗುಟ್ಟನ್ನೆಲ್ಲ ಬೀದಿಗೆ ಸಾರುತ್ತಿದ್ದಳೆಂದು ಅಪ್ಪ ಅವಳಿಗೆ ಡಂಗುರ ಅಂತ ಹೆಸರಿಟ್ಟ. ನನಗೆ ಮುಚ್ಚಳ. ಎರಡು ಹೆಸರೂ ಇವತ್ತಿನವರೆಗೆ ಸವೆದಿಲ್ಲ. ಮುಚ್ಚಳದ ಹಾಡುಗಳಿಗೆ ಡಂಗುರವೇ ಪ್ರಚಾರಾಧಿಕಾರಿ, ಯಾರೂ ನೇಮಿಸದೆ ತಾನೇ ನೇಮಕವಾದವಳು. ಆ ವರದಿಗಾರನಿಗೆ ನನ್ನ ನಂಬರು ಕೊಟ್ಟವಳೂ ಅವಳೇ.

ಅವನು ಫೋನು ಮಾಡಿದಾಗ ನಾನು ಕೆಲಸದಲ್ಲಿದ್ದೆ. ಹೊಟ್ಟೆಪಾಡಿಗೆ ಒಂದು ಸ್ಟುಡಿಯೋದಲ್ಲಿ ಧ್ವನಿ ಕತ್ತರಿಸುವುದು ನನ್ನ ಕೆಲಸ. ಜನ ಬಂದು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೋಗುತ್ತಾರೆ. ಅವರ ಕೆಮ್ಮು, ಎಂಜಲು ನುಂಗಿದ ಸದ್ದು, ಊಟದ ಹೊತ್ತು ಹತ್ತಿರವಾದಾಗ ಹೊಟ್ಟೆ ಗುರುಗುಟ್ಟಿದ್ದು, ಎಲ್ಲವನ್ನೂ ನಾನು ಕಿತ್ತು ಹಾಕುತ್ತೇನೆ. ಅಲ್ಲೊಂದು ಪದ್ಧತಿ ಇದೆ. ಓದುವವರು ತಪ್ಪಿದರೆ ಎದ್ದು ಬರಬಾರದು, ಕ್ಷಮಿಸಿ ಗಿಮಿಸಿ ಅನ್ನಬಾರದು. ಜೋರಾಗಿ ಒಂದು ಚಪ್ಪಾಳೆ ಹೊಡೆದು ಆ ವಾಕ್ಯವನ್ನು ಮೊದಲಿನಿಂದ ಓದಬೇಕು. ಚಪ್ಪಾಳೆಯ ಸದ್ದು ನನ್ನ ಪರದೆಯ ಮೇಲೆ ಮೊಳೆಯ ಹಾಗೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಆ ಮೊಳೆ ಹುಡುಕಿ, ಅದರ ಹಿಂದಿನ ತಪ್ಪನ್ನು ಕತ್ತರಿಸಿ ಎಸೆದರೆ ಆಯಿತು.

ಇದನ್ನೇ ಮಾಡಿ ಮಾಡಿ ಮನೆಯಲ್ಲೂ ಅದೇ ಚಟ ಅಂಟಿಕೊಂಡಿದೆ. ಹಾಡುವಾಗ ತಪ್ಪಿದರೆ ಚಪ್ಪಾಳೆ. ಅಪ್ಪನ ಜೊತೆ ಜಗಳವಾಡುವಾಗ ಬಾಯಿ ಜಾರಿ ಏನಾದರೂ ಅಂದುಬಿಟ್ಟರೂ ಚಪ್ಪಾಳೆ ಹೊಡೆದು ಬೇರೆ ಥರ ಹೇಳುತ್ತೇನೆ. "ಮೊದಲ್ನೇದು ನಂಗೆ ಕೇಳಿಸ್ಲೇ ಇಲ್ಲ ಬಿಡು," ಅನ್ನುತ್ತಾನೆ ಅಪ್ಪ.

"ಹಾಡಿನ ಕೊನೇಲಿ ಒಂದು ಸಿಳ್ಳೆ ಬರುತ್ತಲ್ಲ ಮೇಡಂ, ಅದು ಯಾರದು?" ಅಂತ ಕೇಳಿದ್ದ ವರದಿಗಾರ.

"ನಮ್ಮಪ್ಪಂದು."

"ಅವರು ಈಗ..." ಎಂದು ಅರ್ಧಕ್ಕೆ ನಿಲ್ಲಿಸಿದ.

ನನಗೆ ರೇಗಿತು. ಪ್ರಶ್ನೆ ಕೇಳುವುದೇ ಕಸುಬು, ಅದನ್ನೂ ಅರ್ಧಕ್ಕೆ ಬಿಟ್ಟರೆ ಹೇಗೆ? ಅಪ್ಪನ ವಯಸ್ಸು, ಮಂಡಿನೋವು, ಪಿಂಚಣಿ ಎಲ್ಲ ಇವನಿಗೇಕೆ? ನಾನು ಸುಮ್ಮನಿದ್ದೆ. ಅವನೂ ಸುಮ್ಮನಿದ್ದ. ಕೊನೆಗೆ, "ಅಪ್ಪನ ವಿಷಯ ಮಾತಾಡೋದು ಬೇಡ," ಅಂದೆ.

"ಅರ್ಥ ಆಗುತ್ತೆ," ಅಂದ ಅವನು ದನಿ ತಗ್ಗಿಸಿ. "ಖಂಡಿತ ಅರ್ಥ ಆಗುತ್ತೆ."

ಅಂತೂ ಸೂಕ್ಷ್ಮ ಬಲ್ಲ ಪತ್ರಕರ್ತನೊಬ್ಬ ಸಿಕ್ಕಿದ ಎಂದು ನಾನು ಖುಷಿಪಟ್ಟಿದ್ದೆ.

ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ ಅವನಿಗೆ ಫೋನು ಮಾಡಿ ಜಾಡಿಸಬೇಕೆಂದು ಏಳುವಷ್ಟರಲ್ಲಿ ಡಂಗುರ ಏದುಸಿರು ಬಿಡುತ್ತ ಬಂದಳು. ಅವಳ ಕೈಯಲ್ಲೂ ಅದೇ ಪೇಪರು.

"ಅಕ್ಕಾ, ಹಾಡು ಓಡ್ತಾ ಇದೆ! ಜನ ಕೇಳಿ ಕೇಳಿ ಅಳ್ತಿದಾರೆ. ದೊಡ್ಡ ಸಭಾಂಗಣದವರೇ ಫೋನ್ ಮಾಡಿದ್ರು ಗೊತ್ತಾ? ಒಂದಿಡೀ ಸಂಜೆ ನಿಂಗೇ ಕೊಡ್ತಾರಂತೆ. ವೇದಿಕೆ ಮೇಲೆ ಅಪ್ಪನ ಹೆಸರಲ್ಲಿ ಒಂದು ಖಾಲಿ ಕುರ್ಚಿ ಇಡ್ತಾರಂತೆ."

ಆ ಸಭಾಂಗಣಕ್ಕೆ ನಾನು ಎಷ್ಟು ವರ್ಷ ಎಡತಾಕಿದ್ದೆನೋ ಲೆಕ್ಕವಿಲ್ಲ. ಒಂದು ಸಲವೂ ಅಲ್ಲಿಂದ ಹೂಂ ಉಹೂಂ ಬಂದದ್ದಿಲ್ಲ.

"ಖಾಲಿ ಕುರ್ಚಿನಾ?" ಅಪ್ಪನಿಗೆ ಖುಷಿಯೋ ಖುಷಿ. "ಮೆತ್ತೆ ಇರೋದು ಹಾಕ್ಸಿ."

"ಇಬ್ರಿಗೂ ಬುದ್ಧಿ ಇಲ್ವಾ?" ಅಂದೆ. "ಈಗ್ಲೇ ಫೋನ್ ಮಾಡಿ ನಮ್ಮಪ್ಪ ಬದುಕಿದಾರೆ ಅಂತ ಹೇಳ್ತೀನಿ."

"ಹೇಳು, ಬೇಡ ಅಂದೋರ್ಯಾರು? ನಾಳೆ ಹೇಳು," ಅಂದಳು ಡಂಗುರ. "ಇಷ್ಟು ವರ್ಷ ಆದ್ಮೇಲೆ ಇವತ್ತು ಜನ ಕೇಳ್ತಿದಾರೆ. ಒಂದು ದಿನ ಕೇಳ್ಲಿ ಬಿಡೇ."

"ಇರ್ಲಿ ಬಿಡಮ್ಮ," ಅಂದ ಅಪ್ಪನೂ. "ನಾಲ್ಕು ದಿನ ಸತ್ತಿರ್ತೀನಿ, ನಂದೇನು ಗಂಟು ಹೋಗುತ್ತೆ? ಅದೂ ಅಲ್ದೆ ಆ ಸಿಳ್ಳೇಲಿ ಕೊನೇ ಸ್ವರ ಇಳಿದು ಹೋಗಿದೆ. ಸತ್ತವನ ಶ್ರುತಿ ಬಗ್ಗೆ ಯಾರೂ ಕೊಂಕು ತೆಗೆಯಲ್ಲ."

ನಾನು ಒಪ್ಪಿಕೊಂಡೆ ಎನ್ನುವುದಕ್ಕಿಂತ ಫೋನು ಮಾಡಲಿಲ್ಲ ಎನ್ನುವುದು ಸರಿ. ಫೋನು ಮಾಡದೇ ಇರುವುದರಲ್ಲಿ ನನ್ನದು ಮೊದಲಿಂದಲೂ ಪಳಗಿದ ಕೈ.

ಆ ಸಿಳ್ಳೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವನು. ಲಿಫ್ಟು ಓಡಾಡುವ ಆ ಕತ್ತಲ ಕೊಳವೆಗೆ ಅವರೆಲ್ಲ ಬಾವಿ ಅನ್ನುತ್ತಿದ್ದರು. ಬಾವಿಗೆ ಒಬ್ಬ ಇಳಿದರೆ ಮೇಲೆ ಸ್ವಿಚ್ಚಿನ ಹತ್ತಿರ ಇನ್ನೊಬ್ಬ ನಿಲ್ಲಬೇಕು. ಕೂಗಿ ಹೇಳಿದ ಮಾತು ಅಲ್ಲಿ ಗೋಡೆಗೆ ಬಡಿದು ಕಲಸಿಹೋಗುತ್ತದೆ, ಒಂದಕ್ಷರ ತಿಳಿಯುವುದಿಲ್ಲ. ಅದಕ್ಕೆ ಒಳಗಿರುವವನು ಕೆಲಸ ಮಾಡುತ್ತಲೇ ಸಿಳ್ಳೆ ಹಾಕುತ್ತಿರುತ್ತಾನೆ. ಸಿಳ್ಳೆ ಕೇಳುತ್ತಿದ್ದರೆ ಮನುಷ್ಯ ಒಳಗಿದ್ದಾನೆ, ಬದುಕಿದ್ದಾನೆ ಎಂದರ್ಥ. ಏನೇ ಆದರೂ ಸ್ವಿಚ್ ಮುಟ್ಟುವಂತಿಲ್ಲ, ಮುಟ್ಟಿದರೆ ಲಿಫ್ಟು ಅವನ ಮೇಲೇ ಬರುತ್ತದೆ. ಮೇಲಿನವನು ಆಗಾಗ ಸ್ಪ್ಯಾನರಿನಿಂದ ಬಾಗಿಲ ಚೌಕಟ್ಟಿಗೆ ಟಕ್ ಟಕ್ ಎಂದು ಬಡಿಯುತ್ತಾನೆ. ಕೇಳಿಸಿತು, ಸ್ವಿಚ್ ಮುಟ್ಟಿಲ್ಲ, ನೀನು ನಿನ್ನ ಕೆಲಸ ನೋಡು ಎಂದು ಅದರ ಅರ್ಥ.

ಯಾವಾಗಲೂ ಇಳಿಯುತ್ತಿದ್ದವನು ಅಪ್ಪ. ಯಾವಾಗಲೂ ಮೇಲೆ ನಿಲ್ಲುತ್ತಿದ್ದವನು ಅವನ ಜೊತೆಗಾರ, ನಾವು ಮಕ್ಕಳು ಸ್ಪ್ಯಾನರ್ ಮಾವ ಎಂದು ಕರೆಯುತ್ತಿದ್ದ ಒಬ್ಬ ಕುಳ್ಳ. ಇಬ್ಬರೂ ನಿವೃತ್ತರಾದ ಮೇಲೆ ಮಾವ ಬೇರೆ ಊರಿಗೆ, ಮಗನ ಮನೆಗೆ ಹೋದ. ಅಪ್ಪನ ಸಿಳ್ಳೆ ಮಾತ್ರ ನಿವೃತ್ತಿಯಾಗಲಿಲ್ಲ. ಗಡ್ಡ ಹೆರೆದುಕೊಳ್ಳುವಾಗ, ಪಾತ್ರೆ ತೊಳೆಯುವಾಗ, ಬಟಾಣಿ ಬಿಡಿಸುವಾಗ, ಅದೊಂದೇ ರಾಗ ಮನೆಯೆಲ್ಲ ಸುತ್ತುತ್ತಿರುತ್ತಿತ್ತು. ಆ ರಾಗದಿಂದಲೇ ನಾನು ಹಾಡು ಕಟ್ಟಿದೆ. ಅದನ್ನು ಧ್ವನಿಮುದ್ರಿಸುತ್ತಿದ್ದಾಗ ಅಪ್ಪ ಅಡುಗೆಮನೆಯಲ್ಲಿದ್ದ. ಹಾಡು ಮುಗಿಯುವ ಹೊತ್ತಿಗೆ ಅವನ ಸಿಳ್ಳೆ ಕಂಬಳಿ ದಾಟಿಕೊಂಡು ಒಳಗೆ ಬಂತು. ಬೇರೆ ಯಾರದಾದರೂ ಆಗಿದ್ದರೆ ಕತ್ತರಿಸುತ್ತಿದ್ದೆ. ಅಪ್ಪನದನ್ನು ಹಾಗೇ ಬಿಟ್ಟೆ.

ಬದುಕಿದ್ದೇನೆ ಎಂದು ಹೇಳುವ ಆ ಸಿಳ್ಳೆಯನ್ನೇ ಅವನು ಸತ್ತದ್ದಕ್ಕೆ ಸಾಕ್ಷಿ ಮಾಡಿಬಿಟ್ಟಿದ್ದರು.

ಡಂಗುರದ ಒಂದು ದಿನ ಒಂದು ವಾರವಾಯಿತು. ಮೊದಮೊದಲು ಅಪ್ಪ ಇದನ್ನೊಂದು ಆಟದ ಹಾಗೆ ಆಡಿದ. ಕ್ಷೌರದಂಗಡಿಗೆ ಹೋಗುವುದನ್ನು ಬಿಟ್ಟ. ಕಟ್ಟಡದ ಮುಂದಿನ ಕಲ್ಲುಬೆಂಚಿನ ಮೇಲೆ ಕೂರುವುದನ್ನು ಬಿಟ್ಟ. ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಅವನನ್ನು ನೋಡಿ ಹೌಹಾರಿದ್ದನ್ನು ಎರಡು ದಿನ ನಕ್ಕು ನಕ್ಕು ಹೇಳಿದ. ಆಮೇಲೆ ನಗುವುದೂ ಕಡಿಮೆಯಾಯಿತು. ಒಂದು ದಿನ ನಾನು ಕೆಲಸದಿಂದ ಬಂದಾಗ ಅವನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ, ನಲ್ಲಿಯ ಸದ್ದು ಬಿಟ್ಟರೆ ಏನೂ ಇಲ್ಲ.

"ಯಾಕಪ್ಪ, ಸಿಳ್ಳೆ ಇಲ್ಲ?"

"ಕಿಟಕಿ ತೆಗೆದಿದೆ ನೋಡು," ಅಂದ. "ರಸ್ತೇಲಿ ಹೋಗೋರಿಗೆ ಕೇಳ್ಸಿದ್ರೆ ನಿಂಗೆ ತೊಂದರೆ."

ನಾನು ಹೋಗಿ ಕಿಟಕಿ ಮುಚ್ಚಿದೆ. ಆಮೇಲೂ ಅವನು ಸಿಳ್ಳೆ ಹಾಕಲಿಲ್ಲ. ಮರುದಿನವೂ ಇಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಅಮ್ಮ ನಿಜವಾಗಿ ಹೋದಾಗ ನಾನು ಒಂದು ಸಾಲೂ ಬರೆಯಲಾರದೆ ಮೂಲೆ ಹಿಡಿದು ಕೂತಿದ್ದೆ. ಆಗ ಈ ಮನೆಯನ್ನು ಎತ್ತಿ ನಿಲ್ಲಿಸಿದ್ದು ಆ ಸಿಳ್ಳೆ. ಈಗ ಹಾಡಿಗೆ ಹೆಸರು ಬಂದಿತ್ತು, ಮನೆಯಲ್ಲಿ ಸದ್ದಡಗಿತ್ತು. ನನಗೆ ಆ ಸಿಳ್ಳೆ ವಾಪಸು ಬೇಕಿತ್ತು, ಬೇರೇನೂ ಬೇಡವಾಗಿತ್ತು.

ಆ ಭಾನುವಾರ ಮನೆಯ ಫೋನು ಬಡಿದುಕೊಂಡಿತು. ಎತ್ತಿದರೆ ಆ ಕಡೆಯಿಂದ ಬರೀ ಬಿಕ್ಕು.

"ಮಗಾ, ನಾನಮ್ಮಾ, ಸ್ಪ್ಯಾನರ್ ಮಾವ. ನಂಗೊಂದು ಮಾತು ಹೇಳ್ಬಾರದಿತ್ತಾ? ಪೇಪರ್ ನೋಡಿ ತಿಳ್ಕೋಬೇಕಾ? ಅವನ ಸಿಳ್ಳೆಗೆ ಕಿವಿಕೊಟ್ಟೇ ಆಯಸ್ಸೆಲ್ಲ ನಿಂತವನು ನಾನು. ಅದು ನಿಂತಿದ್ದು ನಂಗೆ ಗೊತ್ತೇ ಆಗ್ಲಿಲ್ವಲ್ಲಮ್ಮಾ."

"ಮಾವಾ, ಇಲ್ಲಿ ಕೇಳಿ..." ಅನ್ನುವಷ್ಟರಲ್ಲಿ ಅಳು ತಡೆಯಲಾರದೆ ಫೋನು ಇಟ್ಟುಬಿಟ್ಟ. ಅದೇ ನಂಬರಿಗೆ ತಿರುಗಿ ಮಾಡಿದರೆ ಯಾವುದೋ ಅಂಗಡಿಯವನು ಎತ್ತಿ, "ಅಜ್ಜ ಹೋದ್ರು. ಅವರ ಹತ್ರ ಫೋನ್ ಇಲ್ಲ, ಮನೆ ಎಲ್ಲೋ ಗೊತ್ತಿಲ್ಲ," ಅಂದ.

ಅಪ್ಪ ಬಾಗಿಲ ಹತ್ತಿರವೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ನೋಡಲಾಗಲಿಲ್ಲ.

"ಅವನನ್ನ ಅಳಿಸಿಬಿಟ್ವಲ್ಲೇ," ಅಂದ. ರೇಡಿಯೋದ ಕಡೆ ತಿರುಗಿ, "ಅವನು ಸಾಯಂಕಾಲದ ರೇಡಿಯೋ ತಪ್ಪಿಸಲ್ಲ," ಅಂದ.

ಆ ರೇಡಿಯೋದವರು ನನ್ನ ಸಂದರ್ಶನಕ್ಕೆಂದು ವಾರದಿಂದ ಡಂಗುರದ ಬೆನ್ನು ಬಿದ್ದಿದ್ದರು, ನಾನು ಸುತರಾಂ ಒಲ್ಲೆ ಅಂದಿದ್ದೆ. ಈಗ ನಾನೇ ಅವಳಿಗೆ ಫೋನು ಮಾಡಿ, "ಬರ್ತೀನಿ ಅಂತ ಹೇಳು," ಅಂದೆ. ಅವಳಿಗೆ ನಂಬಿಕೆಯೇ ಆಗಲಿಲ್ಲ.

"ಒಂದೇ ಮಾತು," ಅಂದೆ. "ನೇರ ಪ್ರಸಾರ ಆಗಿದ್ರೆ ನನ್ನ ಕೈಲಾಗಲ್ಲ."

"ಛೇ ಛೇ, ಎಲ್ಲಾ ರೆಕಾರ್ಡಿಂಗು," ಅಂದಳು ಡಂಗುರ. "ಆದ್ರೆ ಅಕ್ಕಾ, ಸ್ವಲ್ಪ ನಾಜೂಕಾಗಿ ಹೇಳು. ಅಪ್ಪ ಬದುಕಿದಾರೆ ಅಂತ ಧಡಕ್ ಅಂತ ಹೇಳಿದ್ರೆ ಜನ ನಿನ್ನ ಮೋಸಗಾತಿ ಅಂತಾರೆ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೋಸಗಾತಿ.

ರೇಡಿಯೋ ಕೋಣೆ ನಮ್ಮ ಸ್ಟುಡಿಯೋದ ಹಾಗೇ ಇತ್ತು. ನೆಲಕ್ಕೆ ದಪ್ಪ ಜಮಖಾನ, ಗೋಡೆಗೆ ಸ್ಪಂಜು, ಮೈಕಿನ ಮೂತಿಗೆ ಕಪ್ಪು ಟೊಪ್ಪಿಗೆ, ಗಾಜಿನ ಆಚೆ ಯಂತ್ರಗಳ ಮುಂದೆ ಒಬ್ಬ ಆಸಾಮಿ. ಮೇಜಿನ ಮೇಲೆ ಲೋಟದ ತುಂಬ ನೀರು. ಇಂಥ ಕೋಣೆಯಲ್ಲಿ ನನಗೆ ಭಯವಾಗುವುದಿಲ್ಲ; ಇದು ನನ್ನ ತವರು. ನಿರೂಪಕಿ ದೊಡ್ಡ ದನಿಯ, ದೊಡ್ಡ ನಗುವಿನ ಹೆಂಗಸು. ನನ್ನ ಬೆನ್ನ ಹಿಂದಿನ ಬಾಗಿಲ ಮೇಲೆ ಒಂದು ದೀಪವಿತ್ತು, ಅದು ನನಗೆ ಕಾಣುತ್ತಿರಲಿಲ್ಲ. ಹಾಡು ಹಾಕಿದರು. ಸಿಳ್ಳೆ ಬಂತು, ಕೊನೆಯ ಸ್ವರ ಅಪ್ಪ ಹೇಳಿದ ಹಾಗೇ ಒಂದು ಚೂರು ಇಳಿಯಿತು, ಮುಗಿಯಿತು.

"ತಂದೆಯವರನ್ನ ಕಳ್ಕೊಂಡ ನೋವಲ್ಲಿ ಈ ಹಾಡು ಹೇಗೆ ಹುಟ್ಟಿತು?" ಎಂದು ನಿರೂಪಕಿ ಮೆಲ್ಲಗೆ ಕೇಳಿದಳು.

"ಅಪ್ಪನ ಸಿಳ್ಳೆ ಯಾವಾಗ್ಲೂ ನನ್ನ ಕಿವೀಲಿ ಇರುತ್ತೆ," ಅಂದೆ. "ಅವರ ನೆನಪು ನನಗೆ..."

ಥೂ, ಇದೆಂಥ ಮಾತು ಅನ್ನಿಸಿತು. ಬದುಕಿರುವವನ ನೆನಪು ಯಾವುದು? ಪಟ್ ಅಂತ ಒಂದು ಚಪ್ಪಾಳೆ ಹೊಡೆದೆ. ನಿರೂಪಕಿ ಕುರ್ಚಿಯಲ್ಲೇ ಬೆಚ್ಚಿಬಿದ್ದಳು.

"ಮತ್ತೆ ಮೊದಲಿನಿಂದ," ಅಂದೆ. ಗಂಟಲು ಸರಿಮಾಡಿಕೊಂಡೆ. "ಅಪ್ಪ ಈಗ... ಅಂದ್ರೆ, ಕೆಲವು ವಿಷಯಗಳನ್ನ ಹೇಳದೇ ಇರೋದೇ ಒಳ್ಳೇದು ಅನ್ಸುತ್ತೆ."

ಇದು ಮುಚ್ಚಳದ ಮಾತು. ಇಷ್ಟೆಲ್ಲ ರಾದ್ಧಾಂತ ಆದದ್ದೇ ಈ ಮಾತಿನಿಂದ. ಮತ್ತೊಂದು ಚಪ್ಪಾಳೆ. ಗಾಜಿನಾಚೆ ಆಸಾಮಿ ಎದ್ದು ನಿಂತು ಎರಡೂ ಕೈ ಆಡಿಸತೊಡಗಿದ. ಸದ್ದು ಜಾಸ್ತಿಯಾಯಿತು, ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತಿದೆ ಅನ್ನುತ್ತಿದ್ದಾನೆ ಎಂದುಕೊಂಡು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ. ನಿರೂಪಕಿ ಏನೋ ಹೇಳಲು ಬಾಯಿ ತೆರೆದಳು; ನಾನು ಕೈಯೆತ್ತಿ ತಡೆದೆ. ಸರಿಯಾದ ಟೇಕು ಬರುವ ಹೊತ್ತಿನಲ್ಲಿ ಯಾರೂ ಅಡ್ಡ ಬಾಯಿ ಹಾಕಬಾರದು.

"ನಮ್ಮಪ್ಪ ಸತ್ತಿಲ್ಲ," ಅಂದೆ. "ಮನೇಲಿದಾರೆ. ಈ ಹೊತ್ತಿಗೆ ಬಟಾಣಿ ಬಿಡಿಸ್ತಾ ಕೂತಿರ್ತಾರೆ. ಪೇಪರಿನವರು ಕೇಳ್ದಾಗ ನಾನು ಸಿಟ್ಟಲ್ಲಿ ಸುಮ್ನಿದ್ದೆ. ಅವರು ಸತ್ತಿದಾರೆ ಅಂದ್ಕೊಂಡ್ರು. ಆಮೇಲೆ ನಾನು ಇಲ್ಲ ಅನ್ನಲಿಲ್ಲ, ಯಾಕಂದ್ರೆ ಹಾಡನ್ನ ಜನ ಕೇಳ್ತಾ ಇದ್ರು, ನಂಗೆ ಆಸೆ ಆಯ್ತು. ಅದಾದ್ಮೇಲೆ ನಮ್ಮಪ್ಪ ಸಿಳ್ಳೆ ಹಾಕೋದೇ ಬಿಟ್ಟಿದಾರೆ. ಮನೇಲಿ ಕೂರೋಕೆ ಆಗ್ತಿಲ್ಲ ನಂಗೆ." ಉಸಿರು ತೆಗೆದುಕೊಂಡೆ. "ಸ್ಪ್ಯಾನರ್ ಮಾವಾ, ನೀವು ಇದನ್ನ ಕೇಳಿಸ್ಕೋತಿದ್ರೆ, ಸ್ವಿಚ್ ಮುಟ್ಬೇಡಿ. ಅಪ್ಪ ಒಳಗಿದಾರೆ."

ಆಹಾ, ಬಂತು. ಒಂದೇ ಉಸಿರಿನಲ್ಲಿ, ಎಲ್ಲೂ ತೊದಲದೆ. ನಾನು ಗಾಜಿನಾಚೆಯವನ ಕಡೆ ತಿರುಗಿ, "ಇದನ್ನ ಇಟ್ಕೊಳ್ಳಿ. ಮೊದಲಿನ ಎರಡೂ ಕತ್ತರಿಸಿ, ಚಪ್ಪಾಳೆ ನೋಡಿದ್ರೆ ಗುರುತು ಸಿಗುತ್ತೆ," ಅಂದೆ.

ಅವನು ಎರಡೂ ಕೈ ತಲೆಯ ಮೇಲೆ ಹೊತ್ತು ನಿಂತಿದ್ದ.

"ಮೇಡಂ," ಅಂದಳು ನಿರೂಪಕಿ. ಅವಳ ತುಟಿ ಅದುರುತ್ತಿತ್ತು. "ಕತ್ತರಿಸೋಕಾಗಲ್ಲ. ನಾವು ನೇರ ಪ್ರಸಾರದಲ್ಲಿದೀವಿ."

ತಿರುಗಿ ನೋಡಿದೆ. ಬಾಗಿಲ ಮೇಲಿನ ದೀಪ ಕೆಂಪಗೆ ಉರಿಯುತ್ತಿತ್ತು.

ಭೂಮಿ ಬಾಯಿಬಿಡಬಾರದೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಎಷ್ಟೋ ದಿನದಿಂದ ಹೊತ್ತುಕೊಂಡಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡಂತೆ ಹೆಗಲು ಹಗುರಾಯಿತು. ನನಗೆ ನಗು ಬಂತು. ನಾನು ನಕ್ಕಿದ್ದೇ ತಡ, ನಿರೂಪಕಿ ಅಷ್ಟು ಹೊತ್ತು ಹಿಡಿದಿಟ್ಟಿದ್ದ ನಗುವನ್ನು ಬಿಟ್ಟಳು, ಅದೂ ಪ್ರಸಾರವಾಯಿತು.

ಹೊರಗೆ ಡಂಗುರ ಗೋಡೆಗೆ ಒರಗಿ ನಿಂತಿದ್ದಳು.

"ನೇರ ಪ್ರಸಾರ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರ್ತಿದ್ಯಾ?"

"ಇಲ್ಲ."

"ಮತ್ತೆ?" ಅಂದವಳು, ದಾರಿಯಲ್ಲಿ ಸ್ವಲ್ಪ ದೂರ ನಡೆದು, ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. "ನಂಗೂ ಸಾಕಾಗಿತ್ತು ಕಣೇ. ಅಂಗಡಿಗೆ ಬಂದೋರೆಲ್ಲ ಸಮಾಧಾನ ಹೇಳಿ ಹೋಗ್ತಿದ್ರು. ನಾನೇನು ಮಾಡ್ಲಿ, ಹೂಂ ಹೂಂ ಅಂತ ತಲೆಯಾಡಿಸ್ತಿದ್ದೆ."

ಮನೆಯಲ್ಲಿ ಅಪ್ಪ ರೇಡಿಯೋದ ಮುಂದೆ ಬಟಾಣಿ ಸಿಪ್ಪೆಯ ರಾಶಿ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ಬಟ್ಟಲು ಪಕ್ಕಕ್ಕಿಟ್ಟ.

"ಮೊದಲ್ನೇದು ನಂಗೆ ಕೇಳಿಸ್ಲೇ ಇಲ್ಲ," ಅಂದ. "ಎರಡನೇದೂ ಅಷ್ಟೇ."

ಮೂರನೆಯದರ ಬಗ್ಗೆ ಏನೂ ಹೇಳಲಿಲ್ಲ. ಕಣ್ಣೊರೆಸಿಕೊಂಡು, "ಈಗ ಒಂದು ಪೇಚಾಯ್ತಲ್ಲ," ಅಂದ. "ಬದುಕಿದೀನಿ ಅಂತ ಊರಿಗೆಲ್ಲ ಗೊತ್ತಾಯ್ತು. ಆ ಕೊನೇ ಸ್ವರ ಸರಿ ಮಾಡ್ಲೇಬೇಕು. ಮರ್ಯಾದೆ ಪ್ರಶ್ನೆ."

ಆಗಲೇ ಕಿಟಕಿ ತೆಗೆದಿಟ್ಟು ಶುರುಮಾಡಿದ. ಅಲ್ಲಿಂದ ಮುಂದೆ ಹಗಲು ಹೊತ್ತಿನಲ್ಲಿ ನಮಗೆ ಆ ಸಿಳ್ಳೆಯಿಂದ ಬಿಡುಗಡೆಯಿಲ್ಲ. ಮೇಲಿನ ಮನೆಯಾಕೆ ಇಳಿದು ಬಂದು, ಬದುಕಿದ್ದೀರಿ ಅಂತ ಒಪ್ಪಿಕೊಂಡಿದ್ದೇವೆ, ಸಾಕು ನಿಲ್ಲಿಸಿ ಎಂದು ಕೈಮುಗಿದಳು. ನನಗೆ ಮಾತ್ರ ಸಾಕಾಗಲಿಲ್ಲ. ನಾನು ಕೆಲಸದಿಂದ ಬಂದು ಮೆಟ್ಟಿಲಲ್ಲೇ ಕೂತು ಅದನ್ನು ಕೇಳಿ ಆಮೇಲೆ ಒಳಗೆ ಹೋಗುತ್ತಿದ್ದೆ.

ಬೈಯುವವರು ಬೈದರು. ಮೋಸಗಾತಿ ಅಂದರು, ಡಂಗುರ ಹೇಳಿದ ಹಾಗೇ. ಅಳು ವಾಪಸು ಕೊಡಿ ಅಂತ ಒಬ್ಬ ಬರೆದ. ಪೇಪರಿನವರು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅಪ್ಪನನ್ನು ಬದುಕಿಸಿದರು. ವರದಿಗಾರ ನನಗೆ ಫೋನು ಮಾಡಿದ. ಈ ಸಲ ಪ್ರಶ್ನೆಯನ್ನು ಪೂರ್ತಿ ಕೇಳಿದ, ನಾನೂ ಪೂರ್ತಿ ಉತ್ತರ ಕೊಟ್ಟೆ. ಜಗತ್ತೇನೂ ಮುಳುಗಲಿಲ್ಲ. ಸಭಾಂಗಣದ ವ್ಯವಸ್ಥಾಪಕರಿಗೆ ಮಾತ್ರ ತಲೆಬಿಸಿ.

"ಖಾಲಿ ಕುರ್ಚಿ ಅಂತ ಪೋಸ್ಟರೆಲ್ಲ ಅಂಟಿಸಿಬಿಟ್ಟಿದೀವಿ ಮೇಡಂ, ಈಗೇನು ಮಾಡೋದು?"

"ಕುರ್ಚಿ ಇರ್ಲಿ," ಅಂದೆ. "ಮೆತ್ತೆ ಇರೋದೇ ಹಾಕ್ಸಿ."

ಸ್ಪ್ಯಾನರ್ ಮಾವನಿಂದ ಮಾತ್ರ ಸುದ್ದಿಯಿಲ್ಲ. ಆ ಅಂಗಡಿಗೆ ಎಷ್ಟು ಸಲ ಫೋನು ಮಾಡಿದರೂ, ಅಜ್ಜ ಈ ಕಡೆ ಬಂದಿಲ್ಲ ಎಂಬ ಒಂದೇ ಉತ್ತರ. ರೇಡಿಯೋ ಕೇಳಿದನೋ ಇಲ್ಲವೋ, ಕೇಳಿ ಮುನಿಸಿಕೊಂಡನೋ. ಫೋನು ಬಡಿದಾಗಲೆಲ್ಲ ಅಪ್ಪ ಸಿಳ್ಳೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ, ನಾನು ಇಲ್ಲವೆಂದು ತಲೆಯಾಡಿಸಿದರೆ ಮತ್ತೆ ಶುರುಮಾಡುತ್ತಿದ್ದ.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಹಾಡಿಗೆ ಬಂದವರೆಷ್ಟು, ಸತ್ತು ಬದುಕಿದವನನ್ನು ನೋಡಲು ಬಂದವರೆಷ್ಟು, ದೇವರೇ ಬಲ್ಲ. ವೇದಿಕೆಯ ಮೇಲೆ ಮೈಕು, ನನ್ನ ಗಿಟಾರ್, ಪಕ್ಕದಲ್ಲಿ ಮೆತ್ತೆ ಹಾಕಿದ ಕುರ್ಚಿ. ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ಕುರ್ಚಿಯ ಮೆತ್ತೆಯನ್ನು ಒಮ್ಮೆ ಒತ್ತಿ ನೋಡಿ ಕೂತ. ಜನ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ನಾನು ಒಂದೊಂದಾಗಿ ಹಾಡಿದೆ. ಯಾವ ಹಾಡಿಗೂ ಹಿಂದಿನ ಕತೆ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಕೊನೆಗೆ ಆ ಹಾಡು ಬಂತು. ನನ್ನ ಸಾಲು ಮುಗಿಸಿ ಗಿಟಾರ್ ಮೇಲೆ ಕೈಯಿಟ್ಟು ನಿಲ್ಲಿಸಿದೆ. ಅಪ್ಪ ಮೈಕಿನತ್ತ ಬಾಗಿದ. ಸಿಳ್ಳೆ ಸಣ್ಣಗೆ ಎದ್ದು ಸಭಾಂಗಣದ ತುಂಬ ಹರಡಿ, ತಿರುಗಿ, ಇಳಿದು, ಕೊನೆಯ ಸ್ವರಕ್ಕೆ ಬಂತು. ಅಷ್ಟೆಲ್ಲ ಅಭ್ಯಾಸ ಮಾಡಿದ್ದು ವ್ಯರ್ಥ. ಅದು ಮತ್ತೆ ಚೂರು ಇಳಿಯಿತು.

ಅಪ್ಪ ಪಟ್ ಅಂತ ಒಂದು ಚಪ್ಪಾಳೆ ಹೊಡೆದ.

ಮುಗಿಯಿತೆಂದು ಜನರೂ ಕೈಯೆತ್ತಿದರು. ಅಪ್ಪ ಬೆರಳು ತೋರಿಸಿ ಅವರನ್ನು ತಡೆದ. "ಮತ್ತೆ ಮೊದಲಿನಿಂದ," ಅಂದ ಮೈಕಿನಲ್ಲಿ. "ಮೊದಲ್ನೇದು ನಿಮಗೆ ಕೇಳಿಸ್ಲೇ ಇಲ್ಲ."

ಎರಡನೆಯ ಸಲ ಆತುರಪಡಲಿಲ್ಲ. ಕಣ್ಣು ಮುಚ್ಚಿಕೊಂಡ. ಪಾತ್ರೆ ತೊಳೆಯುವಾಗ ಹಾಕುವ ಹಾಗೆ, ಯಾರೂ ಕೇಳುತ್ತಿಲ್ಲವೆಂಬ ಹಾಗೆ ಹಾಕಿದ. ಕೊನೆಯ ಸ್ವರ ನೆಟ್ಟಗೆ ನಿಂತು, ನಿಂತೇ ಇದ್ದು, ತಾನಾಗಿ ಆರಿತು. ಯಾರೂ ಅಲುಗಲಿಲ್ಲ. ಚಪ್ಪಾಳೆ ತಟ್ಟಬೇಕೋ, ಮತ್ತೆ ಮೊದಲಿನಿಂದ ಅನ್ನುತ್ತಾನೋ ಎಂದು ಕಾಯುತ್ತಿದ್ದರು.

ಆಗ ಸಭಾಂಗಣದ ಹಿಂಬಾಗಿಲ ಕಡೆಯಿಂದ ಸದ್ದು ಬಂತು. ಕಬ್ಬಿಣದಿಂದ ಚೌಕಟ್ಟಿಗೆ ಬಡಿದ ಸದ್ದು. ಟಕ್ ಟಕ್.

ಜನರೆಲ್ಲ ಹಿಂದೆ ತಿರುಗಿ ನೋಡಿದರು. ಬಾಗಿಲಲ್ಲಿ ಬಗಲಚೀಲ ತಗುಲಿಸಿಕೊಂಡು ಒಬ್ಬ ಕುಳ್ಳ ಮುದುಕ ನಿಂತಿದ್ದ. ಕೈಯಲ್ಲಿ ಸ್ಪ್ಯಾನರಿತ್ತು.

ನನ್ನ ಗಂಟಲು ಕಟ್ಟಿತು. ಈ ಸಲ ನಿಜವಾಗಿಯೂ ಕಟ್ಟಿತು. ಯಾವ ಪೇಪರಿನವನಾದರೂ ಬರೆದುಕೊಳ್ಳಲಿ. ಅಪ್ಪ ಕಣ್ಣು ತೆರೆಯದೆ ಕುರ್ಚಿಗೆ ಒರಗಿದ. ಅವನ ಮುಖದ ತುಂಬ ನಗು.

"ಕೇಳಿಸ್ತಂತೆ," ಅಂದ ನನಗೆ. "ಸ್ವಿಚ್ ಮುಟ್ಟಿಲ್ವಂತೆ."